ಆ ಹೊತ್ತಿಗೆ ಅಲ್ಲಿಲ್ಲದವರಿಗಾಗಿ: ವೆಬ್ ತಂತ್ರಾಂಶದ ಲಾಗ್ ಬರವಣಿಗೆ

ಪೈಥಾನ್ ಭಾಷೆಯ ವೆಬ್ ಫ್ರೇಮ್‌ವರ್ಕ್ ಆದ ಜ್ಯಾಂಗೊ ಬಳಸಿ ಕಟ್ಟಿದ ವೆಬ್‌ಸೈಟನ್ನು ಜನಬಳಕೆಗೆ ಬಿಡುವ ದಿನ ಅದರ ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದು ಪದ ಬದಲಾಗುತ್ತದೆ. ‘ಡಿಬಗ್’ ಎಂಬುದರ ಎದುರು ಅಲ್ಲಿಯವರೆಗೆ ‘ಟ್ರೂ’ ಎಂದಿದ್ದದ್ದು ‘ಫಾಲ್ಸ್’ ಆಗುತ್ತದೆ. ಆಗಲೇಬೇಕು. ಇಲ್ಲವಾದರೆ ಪುಟವೊಂದು ಮುಗ್ಗರಿಸಿದಾಗ ಪ್ರೋಗ್ರಾಮಿನ ಒಳಗುಟ್ಟೆಲ್ಲ ದಾರಿಹೋಕರ ಬ್ರೌಸರಿನಲ್ಲಿ ತೆರೆದುಕೊಳ್ಳುತ್ತದೆ. ಆದರೆ ಆ ಪದದ ಜೊತೆಯಲ್ಲೇ ಇನ್ನೊಂದು ಬದಲಾವಣೆಯೂ ಸದ್ದಿಲ್ಲದೆ ನಡೆದುಹೋಗುತ್ತದೆ. ಅದುವರೆಗೆ ಟರ್ಮಿನಲ್ ಪರದೆಯಲ್ಲಿ ಸಾಲುಸಾಲಾಗಿ ಹರಿಯುತ್ತಿದ್ದ ಜ್ಯಾಂಗೊದ ಸಂದೇಶಗಳು ನಿಂತುಹೋಗುತ್ತವೆ. ‘ಎರರ್’ ಮಟ್ಟದವು ಮತ್ತು ಅದಕ್ಕಿಂತ ಗಂಭೀರವಾದವು ಮಾತ್ರ ‘ಅಡ್ಮಿನ್ಸ್’ ಎಂಬ ಪಟ್ಟಿಯಲ್ಲಿರುವವರಿಗೆ ಇಮೇಲ್ ಆಗಿ ಹೊರಡುತ್ತವೆ. ಹೊಸ ಪ್ರಾಜೆಕ್ಟಿನಲ್ಲಿ ಆ ಪಟ್ಟಿ ಖಾಲಿ ಇರುತ್ತದೆ.

ಲಾಗಿಂಗ್ ಬಗ್ಗೆ, ಅಂದರೆ ತಂತ್ರಾಂಶ ತನ್ನೊಳಗೆ ನಡೆದದ್ದನ್ನು ದಾಖಲಿಸುವ ಬಗ್ಗೆ, ಯಾರೂ ಯೋಚಿಸದೆ ಹೊರಬಿಟ್ಟ ಸೈಟಿನಲ್ಲಿ ಮೊದಲ ತಪ್ಪು ಹೀಗೆ ನಡೆಯುತ್ತದೆ: ಪುಟ ತೆರೆದವರಿಗೆ ‘ಸರ್ವರ್ ಎರರ್’ ಎಂಬ ಎರಡು ಪದ ಕಾಣುತ್ತವೆ. ಮುಂಬಾಗಿಲಲ್ಲಿ ಕುಳಿತ ವೆಬ್ ಸರ್ವರಿನ ಪುಸ್ತಕದಲ್ಲಿ ಹೆಚ್ಚೆಂದರೆ ‘500’ ಎಂಬ ಅಂಕಿ ಬೀಳುತ್ತದೆ. ಯಾವ ಫಂಕ್ಷನ್ನಿನ ಯಾವ ಸಾಲಿನಲ್ಲಿ ಏನು ತಪ್ಪಿತು ಎಂದು ಹೇಳುವ ಟ್ರೇಸ್‌ಬ್ಯಾಕ್ ಯಾರನ್ನೂ ತಲುಪದೆ ಕರಗಿಹೋಗುತ್ತದೆ. ಈ ಉಪನ್ಯಾಸದ ವಿಷಯ ಆ ಮೌನ, ಮತ್ತು ಅದನ್ನು ಮುರಿಯಲು ಮಾಡಬೇಕಾದ ಕೆಲಸ.

ಇದರಲ್ಲಿ ಜ್ಯಾಂಗೊ ಕಟ್ಟಿದವರನ್ನು ದೂರುವಂಥದ್ದು ಇಲ್ಲ. ಅದು ಹುಟ್ಟಿದ್ದು 2003ರಲ್ಲಿ, ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ದಿನಪತ್ರಿಕೆಯೊಂದರಲ್ಲಿ. ಅಲ್ಲಿ ಕೆಲಸಕ್ಕಿದ್ದ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲ್ಲಿಸನ್ ಅದನ್ನು ಬರೆಯಲು ತೊಡಗಿದರು. 2005ರಲ್ಲಿ ಅದು ಎಲ್ಲರಿಗೂ ಮುಕ್ತವಾಯಿತು. ನಾಲ್ಕೈದು ಜನರ ತಂಡಕ್ಕೆ, ತಪ್ಪು ನಡೆದಾಗಲೆಲ್ಲ ಒಂದು ಇಮೇಲ್ ಬಂದರೆ ಸಾಕಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಲಾಗಿಂಗ್‌ಗೆ ತನ್ನದೇ ಜಾಗ ದೊರೆತದ್ದು 2011ರ 1.3ನೇ ಆವೃತ್ತಿಯಲ್ಲಿ. ಜಾವಾ ಲೋಕದ ಸ್ಪ್ರಿಂಗ್ ಬೂಟ್ ಕೂಡ ತಾನಾಗಿ ಬರೆಯುವುದು ಕನ್ಸೋಲಿಗೆ ಮಾತ್ರ, ಫೈಲಿಗಲ್ಲ. ಫ್ರೇಮ್‌ವರ್ಕ್‌ಗಳ ಮೊದಲ ಏರ್ಪಾಡು ಯಂತ್ರದ ಮುಂದೆ ಕುಳಿತು ಪ್ರೋಗ್ರಾಂ ಬರೆಯುತ್ತಿರುವವರ ಅನುಕೂಲಕ್ಕೆ. ಪ್ರೊಡಕ್ಷನ್ ಸರ್ವರಿನ, ಎಂದರೆ ಜನಬಳಕೆಗೆ ಬಿಟ್ಟ ಸರ್ವರಿನ, ಲಾಗ್ ಓದುವವರು ಬೇರೆ: ತಪ್ಪು ನಡೆದ ಹೊತ್ತಿಗೆ ಅಲ್ಲಿರದಿದ್ದವರು, ಬಹಳ ಸಲ ಆ ಪ್ರೋಗ್ರಾಂ ಬರೆಯದವರು, ಮಧ್ಯರಾತ್ರಿ ಫೋನ್ ಕರೆಗೆ ಎದ್ದು ಕುಳಿತವರು. ಅವರನ್ನು ಕಣ್ಮುಂದೆ ಇಟ್ಟುಕೊಂಡರೆ ಮುಂದಿನ ಬಹುತೇಕ ತೀರ್ಮಾನಗಳು ಸುಲಭವಾಗುತ್ತವೆ.

ಪೈಥಾನ್ ಭಾಷೆಗೆ ಲಾಗಿಂಗ್ ಮಾಡ್ಯೂಲ್ ಬಂದದ್ದು 2003ರ 2.3ನೇ ಆವೃತ್ತಿಯೊಂದಿಗೆ, ಅದನ್ನು ಬರೆದವರು ವಿನಯ್ ಸಜಿಪ್. ಅದರ ಒಳರಚನೆಯನ್ನು ಅಂಚೆಯ ವ್ಯವಸ್ಥೆಯಂತೆ ಊಹಿಸಿಕೊಳ್ಳಬಹುದು. ಲಾಗರ್ ಎಂಬುದು ಪತ್ರ ಬರೆಯುವವರು; ಪ್ರೋಗ್ರಾಮಿನ ಪ್ರತಿ ಭಾಗಕ್ಕೂ ಒಂದೊಂದು ಹೆಸರಿನ ಲಾಗರ್ ಇರುತ್ತದೆ. ಫಾರ್ಮ್ಯಾಟರ್ ಪತ್ರದ ಒಕ್ಕಣೆ ನಿರ್ಧರಿಸುತ್ತದೆ. ಫಿಲ್ಟರ್ ಯಾವುದು ಹೋಗಬೇಕು, ಯಾವುದು ಬೇಡ ಎಂದು ನೋಡುತ್ತದೆ. ಹ್ಯಾಂಡ್ಲರ್ ಅದನ್ನು ಕನ್ಸೋಲಿಗೋ ಫೈಲಿಗೋ ಇಮೇಲಿಗೋ ಮುಟ್ಟಿಸುತ್ತದೆ. ಈ ನಾಲ್ಕನ್ನೂ ಒಂದೇ ನಿಘಂಟಿನ (ಪೈಥಾನಿನ ‘ಡಿಕ್ಷನರಿ’) ರೂಪದಲ್ಲಿ ಬರೆದು ಕೊಟ್ಟರೆ ಸಂರಚನೆ ಮುಗಿಯಿತು. ಆ ನಿಘಂಟಿನಲ್ಲಿ ‘ಡಿಸೇಬಲ್ ಎಕ್ಸಿಸ್ಟಿಂಗ್ ಲಾಗರ್ಸ್’ ಎಂಬ ಒಂದು ಗುಂಡಿ ಇದೆ. ಅದನ್ನು ಮುಟ್ಟದೆ ಬಿಟ್ಟರೆ ಅದರ ಬೆಲೆ ‘ಟ್ರೂ’. ಆಗ ಸಂರಚನೆ ಓದುವ ಮೊದಲೇ ಹುಟ್ಟಿಕೊಂಡಿದ್ದು, ನಿಘಂಟಿನಲ್ಲಿ ಹೆಸರಿಲ್ಲದ ಲಾಗರ್‌ಗಳೆಲ್ಲ ಬಾಯಿ ಮುಚ್ಚಿಕೊಳ್ಳುತ್ತವೆ. ದೂರು ಹೇಳುವುದಿಲ್ಲ, ಎಚ್ಚರಿಸುವುದಿಲ್ಲ. ಲಾಗಿಂಗ್ ಸರಿಪಡಿಸಲು ಹೊರಟವರೇ ಅರ್ಧ ಪ್ರೋಗ್ರಾಮನ್ನು ಮೂಕವಾಗಿಸುವ ಅಪಾಯ ಇಲ್ಲಿದೆ. ಇದನ್ನು ‘ಫಾಲ್ಸ್’ ಎಂದು ಸ್ಪಷ್ಟವಾಗಿ ಬರೆದಿಡುವುದು ಮೊದಲ ಕೆಲಸ.

ಮಟ್ಟಗಳ ಮಾತು ಇನ್ನೂ ಹಳೆಯದು. ಎರಿಕ್ ಆಲ್ಮನ್ 1980ರ ದಶಕದಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಜೊತೆಗೆ ಸಿಸ್‌ಲಾಗ್ ರೂಪಿಸಿದರು. ಅದರಲ್ಲಿ ಎಂಟು ಮಟ್ಟ: ಸೊನ್ನೆ ಎಂದರೆ ಇಡೀ ವ್ಯವಸ್ಥೆ ಕೈಕೊಟ್ಟ ತುರ್ತು, ಏಳು ಎಂದರೆ ಡಿಬಗ್. ಪೈಥಾನ್ ಅದನ್ನು ಐದಕ್ಕೆ ಇಳಿಸಿ ಲೆಕ್ಕವನ್ನು ತಿರುಗಿಸಿತು; ಡಿಬಗ್‌ಗೆ 10, ಇನ್ಫೊಗೆ 20, ವಾರ್ನಿಂಗ್‌ಗೆ 30, ಎರರ್‌ಗೆ 40, ಕ್ರಿಟಿಕಲ್‌ಗೆ 50. ಅಂಕಿಗಳು ಯಾವ ಕಡೆಯಿಂದ ಏರಿದರೂ ಚಿಂತೆಯಿಲ್ಲ. ಪದಗಳಿಗೆ ತಂಡದೊಳಗೆ ಒಂದೇ ಅರ್ಥ ಇರಬೇಕು. ಬಳಕೆದಾರರು ತಪ್ಪು ಪಾಸ್‌ವರ್ಡ್ ಹಾಕಿದರು; ಅದು ಎರರ್ ಅಲ್ಲ, ಇನ್ಫೊ. ಬ್ಯಾಂಕಿನ ಸರ್ವರ್ ಮೊದಲ ಸಲ ಉತ್ತರಿಸಲಿಲ್ಲ, ಎರಡನೆಯ ಸಲ ಉತ್ತರಿಸಿತು; ಅದು ವಾರ್ನಿಂಗ್. ಮೂರು ಸಲವೂ ಉತ್ತರಿಸಲಿಲ್ಲ, ಗ್ರಾಹಕರ ಕೆಲಸ ಆಗಲೇ ಇಲ್ಲ, ಈಗ ಎರರ್. ‘ಇದನ್ನು ನೋಡಲು ಒಬ್ಬರು ಏಳಬೇಕೇ?’ ಎಂಬ ಪ್ರಶ್ನೆಗೆ ‘ಹೌದು’ ಎಂಬ ಉತ್ತರವಿದ್ದಾಗ ಮಾತ್ರ ಎರರ್ ಬರೆಯುವ ತಂಡಗಳಲ್ಲಿ ಆ ಪದಕ್ಕೆ ಬೆಲೆ ಉಳಿದಿದೆ. ಉಳಿದ ಕಡೆ ದಿನಕ್ಕೆ ಸಾವಿರ ಎರರ್ ಬರುತ್ತವೆ, ಸಾವಿರದ ಒಂದನೆಯದು ನಿಜವಾದದ್ದಾಗಿದ್ದರೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡಬಹುದು. ಆತುರದಲ್ಲಿ ಬರೆದ ಪ್ರೋಗ್ರಾಮಿನಲ್ಲಿ ಅದು ಹೀಗಿರುತ್ತದೆ: ‘ಪಾವತಿ ವಿಫಲ, ಟೈಮ್‌ಔಟ್’. ಬರೆದವರಿಗೆ ಅದು ಸಾಕು, ಉಳಿದದ್ದು ಅವರ ತಲೆಯಲ್ಲಿದೆ. ಅದೇ ಸಾಲು ಪ್ರೊಡಕ್ಷನ್ ಸರ್ವರಿಗೆ ಹೊಂದುವಂತೆ ಬರೆದಾಗ ಹೆಸರು-ಬೆಲೆಗಳ ಜೋಡಿಗಳಾಗಿ ಬಿಡಿಸಿಕೊಳ್ಳುತ್ತದೆ. ಸಮಯ: 2024-06-11, 22:41:07.318, ಯುಟಿಸಿ. ಮಟ್ಟ: ಎರರ್. ಲಾಗರ್: ಪಾವತಿ, ಗೇಟ್‌ವೇ. ಘಟನೆ: ಬ್ಯಾಂಕಿನಿಂದ ಉತ್ತರ ಬರಲಿಲ್ಲ. ಆರ್ಡರ್: 48213. ಪ್ರಯತ್ನ: 3. ಕಾದದ್ದು: 30,000 ಮಿಲಿಸೆಕೆಂಡ್. ತಂತ್ರಾಂಶದ ಆವೃತ್ತಿ: 5.2.1. ಕೋರಿಕೆ ಸಂಖ್ಯೆ: 7ಎಫ್3ಸಿ91. ಇದನ್ನು ಜೇಸನ್ ರೂಪದಲ್ಲಿ ಒಂದೇ ಸಾಲಾಗಿ ಬರೆಯುತ್ತಾರೆ. ಮನುಷ್ಯರ ಕಣ್ಣಿಗೆ ಅದು ಅಷ್ಟೇನೂ ಹಿತವಲ್ಲ, ಆದರೆ ‘ಮೂರನೆಯ ಪ್ರಯತ್ನದಲ್ಲೂ ಸೋತ ಆರ್ಡರುಗಳು ಎಷ್ಟು, 5.2.1 ಆವೃತ್ತಿ ಬಂದ ಮೇಲೆ ಹೆಚ್ಚಾದವೇ?’ ಎಂದು ಕೇಳಿದರೆ ಸೆಕೆಂಡುಗಳಲ್ಲಿ ಉತ್ತರ ಸಿಗುತ್ತದೆ. ಮೊದಲ ಸಾಲನ್ನು ಇಟ್ಟುಕೊಂಡು ಅದನ್ನು ಕೇಳಲಿಕ್ಕೇ ಆಗದು.

ಆ ಸಾಲಿನ ಸಮಯವನ್ನು ಇನ್ನೊಮ್ಮೆ ಗಮನಿಸಬೇಕು. ಯುಟಿಸಿ 22:41 ಎಂದರೆ ನಮ್ಮ ಗಡಿಯಾರದಲ್ಲಿ ಮರುದಿನ, ಜೂನ್ 12ರ ಬೆಳಗಿನ ಜಾವ 4:11. ಗ್ರಾಹಕರು ‘ಹನ್ನೆರಡನೇ ತಾರೀಖು ನಸುಕಿನಲ್ಲಿ ದುಡ್ಡು ಹೋಯಿತು, ಟಿಕೆಟ್ ಬರಲಿಲ್ಲ’ ಎನ್ನುತ್ತಾರೆ. ಹುಡುಕುವವರು ಹನ್ನೆರಡರ ಫೈಲ್ ತೆರೆದು ‘ಅಂಥದ್ದೇನೂ ನಡೆದಿಲ್ಲ’ ಎಂದು ಉತ್ತರಿಸುತ್ತಾರೆ. ಐದೂವರೆ ಗಂಟೆಯ ಅಂತರದಿಂದ ಒಬ್ಬರು ಸುಳ್ಳುಗಾರರಾಗುತ್ತಾರೆ. ಯುಟಿಸಿಯಲ್ಲಿ ಬರೆಯುವುದು ಸರಿಯಾದ ರೂಢಿಯೇ. ಸಾಲಿನಲ್ಲಿ ಅದು ಯಾವ ವಲಯದ ಸಮಯ ಎಂಬುದನ್ನು ಬಿಡದೆ ಬರೆಯಬೇಕು ಎಂಬುದು ಅದರ ಇನ್ನರ್ಧ.

ಕೋರಿಕೆ ಸಂಖ್ಯೆಯದು ಆಸ್ಪತ್ರೆಯ ಚೀಟಿಯ ಕೆಲಸ. ನೋಂದಣಿ ಕಿಟಕಿಯಲ್ಲಿ ಕೊಟ್ಟ ಸಂಖ್ಯೆ ರಕ್ತಪರೀಕ್ಷೆಗೂ ಎಕ್ಸ್‌ರೇಗೂ ಔಷಧಿ ಅಂಗಡಿಗೂ ಹೋಗುತ್ತದೆ. ಕೊನೆಗೆ ಎಲ್ಲ ಕಾಗದಗಳೂ ಒಬ್ಬರದೇ ಎಂದು ಗೊತ್ತಾಗುವುದು ಅದರಿಂದ. ಸರ್ವರಿನಲ್ಲಿ ಒಂದೇ ಕ್ಷಣಕ್ಕೆ ನೂರಾರು ಕೋರಿಕೆಗಳು ನಡೆಯುತ್ತಿರುತ್ತವೆ, ಅವುಗಳ ಸಾಲುಗಳು ಹೆಣೆದುಕೊಂಡು ಬೀಳುತ್ತವೆ. ಬಾಗಿಲಲ್ಲೇ ಒಂದು ಸಂಖ್ಯೆ ಕೊಟ್ಟು, ಆ ಕೋರಿಕೆ ಮುಟ್ಟಿದ ಪ್ರತಿ ಸಾಲಿಗೂ ಅದನ್ನು ತಾನಾಗಿ ಅಂಟಿಸುವಂತೆ ಮಾಡಿದರೆ ಎಳೆ ಬಿಡಿಸಬಹುದು. ರೂಬಿ ಭಾಷೆಯ ಫ್ರೇಮ್‌ವರ್ಕ್ ಆದ ರೂಬಿ ಆನ್ ರೈಲ್ಸ್‌ನ ಪ್ರೊಡಕ್ಷನ್ ಸೆಟ್ಟಿಂಗ್ಸ್‌ನಲ್ಲಿ ಈ ಏರ್ಪಾಡು ಮೊದಲಿನಿಂದಲೇ ಬರೆದು ಸಿಗುತ್ತದೆ. ಜ್ಯಾಂಗೊದಲ್ಲಿ ಒಂದು ಚಿಕ್ಕ ಮಿಡಲ್‌ವೇರ್, ಒಂದು ಫಿಲ್ಟರ್ ಸೇರಿಸಿದರೆ ಆಗುತ್ತದೆ. ಇಪ್ಪತ್ತು ಸಾಲಿನ ಕೆಲಸ. ಅದೇ ಸಂಖ್ಯೆಯನ್ನು ತಪ್ಪಿನ ಪುಟದಲ್ಲಿ ಗ್ರಾಹಕರಿಗೂ ತೋರಿಸುವುದು ಇನ್ನೂ ಒಳ್ಳೆಯದು. ದೂರು ಹೇಳಲು ಬಂದವರ ಕೈಯಲ್ಲಿ ಹಿಡಿದು ತೋರಿಸಲು ಒಂದು ಆಧಾರ ಇರುತ್ತದೆ.

ಇಷ್ಟೆಲ್ಲ ಬರೆಯಬೇಕು ಎಂದ ಮೇಲೆ, ಏನನ್ನು ಬರೆಯಬಾರದು ಎಂಬುದು ಅದಕ್ಕಿಂತ ದೊಡ್ಡ ಮಾತು. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಲು ಹೇಳಿತು. ಡೇಟಾಬೇಸ್ ಒಡೆದಿರಲಿಲ್ಲ. ಪಾಸ್‌ವರ್ಡನ್ನು ಗುರುತು ಸಿಗದಂತೆ ಅರೆಯುವ ಹೆಜ್ಜೆ ಮುಗಿಯುವ ಮೊದಲೇ ಅದು ಒಳಗಿನ ಲಾಗ್ ಒಂದರಲ್ಲಿ ಇದ್ದದ್ದು ಇದ್ದ ಹಾಗೆ ದಾಖಲಾಗುತ್ತಿತ್ತು. ಮರುವರ್ಷ ಮಾರ್ಚಿನಲ್ಲಿ ಫೇಸ್‌ಬುಕ್ ಕೂಡ ಕೋಟಿಗಟ್ಟಲೆ ಪಾಸ್‌ವರ್ಡುಗಳು ತನ್ನೊಳಗೆ ಓದಬಲ್ಲ ರೂಪದಲ್ಲಿ ಉಳಿದುಕೊಂಡಿದ್ದವು ಎಂದು ಒಪ್ಪಿಕೊಂಡಿತು. ಅದಕ್ಕಾಗಿ ಐರ್ಲೆಂಡಿನ ದತ್ತಾಂಶ ರಕ್ಷಣಾ ಆಯೋಗ 2024ರ ಸೆಪ್ಟೆಂಬರಿನಲ್ಲಿ ಅದರ ಮಾತೃಸಂಸ್ಥೆಗೆ 9.1 ಕೋಟಿ ಯೂರೊ ದಂಡ ಹಾಕಿತು. ಡೇಟಾಬೇಸಿಗೆ ಬೀಗ ಹಾಕಿ, ಅದರ ನಕಲನ್ನು ಲಾಗ್ ಎಂಬ ಹಿತ್ತಲ ಬಾಗಿಲಲ್ಲಿ ಇಟ್ಟಂತಾಗಿತ್ತು.

ಇದನ್ನು ತಡೆಯಲು ರೈಲ್ಸ್‌ನಲ್ಲಿ ಮರೆಮಾಡಬೇಕಾದ ಹೆಸರುಗಳ ಪಟ್ಟಿಯೊಂದು ಹೊಸ ಪ್ರಾಜೆಕ್ಟಿನ ಜೊತೆಗೇ ಬರುತ್ತದೆ. ಪಾಸ್‌ವರ್ಡ್, ಟೋಕನ್, ಸೀಕ್ರೆಟ್, ಓಟಿಪಿ ಎಲ್ಲ ಅದರಲ್ಲಿವೆ. ಅಮೆರಿಕದ ಸಾಮಾಜಿಕ ಭದ್ರತಾ ಸಂಖ್ಯೆಯ ಹೆಸರೂ ಇದೆ. ಆಧಾರ್ ಇಲ್ಲ, ಪ್ಯಾನ್ ಇಲ್ಲ, ಯುಪಿಐ ವಿಳಾಸ ಇಲ್ಲ. ಅದು ಅಲ್ಲಿನ ಜನ ಅಲ್ಲಿನ ಅಗತ್ಯಕ್ಕೆ ಬರೆದ ಪಟ್ಟಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕುಳಿತು ಇಲ್ಲಿಯ ಜನರಿಗೆ ತಂತ್ರಾಂಶ ಕಟ್ಟುವವರು ಆ ಹೆಸರುಗಳನ್ನು ತಾವೇ ಸೇರಿಸಬೇಕು. ಬೇರೆ ಯಾರೂ ಸೇರಿಸಿಕೊಡುವುದಿಲ್ಲ. ಜ್ಯಾಂಗೊದಲ್ಲಿ ತಪ್ಪಿನ ವರದಿಯಿಂದ ಇಂಥ ಬೆಲೆಗಳನ್ನು ಮರೆಮಾಡಲು ‘ಸೆನ್ಸಿಟಿವ್ ವೇರಿಯಬಲ್ಸ್’ ಎಂಬ ಡೆಕೊರೇಟರ್ ಇದೆ. ಇಷ್ಟು ಮಾಡಿಯೂ ಫೋನ್ ನಂಬರನ್ನು ವಿಳಾಸದ ಸಾಲಿನಲ್ಲೇ, ಪ್ರಶ್ನಾರ್ಥಕ ಚಿಹ್ನೆಯ ಮುಂದೆ ಕಳಿಸಿದರೆ, ಅದು ಫ್ರೇಮ್‌ವರ್ಕಿಗೆ ಗೊತ್ತಾಗದೆಯೇ ವೆಬ್ ಸರ್ವರಿನ ಲಾಗ್‌ನಲ್ಲಿ ಕುಳಿತಿರುತ್ತದೆ.

ಹೊರಗಿನವರು ಕಳಿಸಿದ ಪಠ್ಯ ಲಾಗ್ ಒಳಗೆ ಏನೆಲ್ಲ ಮಾಡಬಲ್ಲದು ಎಂದು ಜಗತ್ತಿಗೆ ಗೊತ್ತಾದದ್ದು 2021ರ ಡಿಸೆಂಬರಿನಲ್ಲಿ. ಜಾವಾದ ಲಾಗ್‌ಫೋರ್‌ಜೆ ಎಂಬ ಲಾಗಿಂಗ್ ಲೈಬ್ರರಿ ಎಷ್ಟು ವ್ಯಾಪಕವಾಗಿತ್ತೆಂದರೆ ತಮ್ಮಲ್ಲಿ ಅದು ಇದೆಯೇ ಎಂದು ಎಷ್ಟೋ ಸಂಸ್ಥೆಗಳಿಗೇ ತಿಳಿದಿರಲಿಲ್ಲ. ಸಂದೇಶದಲ್ಲಿ ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದೊಳಗೆ ಒಂದು ಬಗೆಯ ಸೂತ್ರ ಕಂಡರೆ ಅದು ಬರೆದಿಟ್ಟು ಸುಮ್ಮನಾಗುತ್ತಿರಲಿಲ್ಲ, ಆ ಸೂತ್ರವನ್ನು ಬಿಡಿಸಲು ಹೋಗುತ್ತಿತ್ತು. ಸೂತ್ರದಲ್ಲಿ ದೂರದ ಸರ್ವರಿನ ವಿಳಾಸವಿದ್ದರೆ ಅಲ್ಲಿಂದ ಕೋಡ್ ತಂದು ನಡೆಸಿಬಿಡುತ್ತಿತ್ತು. ಬ್ರೌಸರ್ ತನ್ನ ಹೆಸರು ಹೇಳಿಕೊಳ್ಳುವ ಜಾಗದಲ್ಲಿ, ಮೈನ್‌ಕ್ರಾಫ್ಟ್ ಆಟದ ಹರಟೆ ಪೆಟ್ಟಿಗೆಯಲ್ಲಿ, ಎಲ್ಲಿ ಆ ಒಂದು ಸಾಲು ಹಾಕಿದರೂ ಸರ್ವರ್ ಪರರ ಪಾಲಾಗುವ ಸ್ಥಿತಿ. ಇದನ್ನು ಕಂಡುಹಿಡಿದು ತಿಳಿಸಿದವರು ಅಲಿಬಾಬಾದ ಭದ್ರತಾ ತಂಡದವರು. ತೀವ್ರತೆಯ ಅಳತೆಗೋಲಿನಲ್ಲಿ ಅದಕ್ಕೆ ಹತ್ತಕ್ಕೆ ಹತ್ತು ಬಂತು. ಸಣ್ಣ ಪ್ರಮಾಣದಲ್ಲಿ ಇದೇ ಜಾತಿಯ ಇನ್ನೊಂದು ಮೋಸ ಸದಾ ಇದೆ. ಹೆಸರು ಕೇಳುವ ಪೆಟ್ಟಿಗೆಯಲ್ಲಿ ಹೆಸರಿನ ನಂತರ ‘ಎಂಟರ್’ ಒತ್ತಿದ ಗುರುತು ಸೇರಿಸಿ, ಮುಂದಿನ ಸಾಲಿನಲ್ಲಿ ‘ಪಾವತಿ ಯಶಸ್ವಿ’ ಎಂದು ಬರೆದು ಕಳಿಸಿದರೆ, ಸಾದಾ ಪಠ್ಯದ ಲಾಗ್‌ನಲ್ಲಿ ನಡೆಯದ ಘಟನೆಗೆ ದಾಖಲೆ ಹುಟ್ಟುತ್ತದೆ. ಜೇಸನ್ ರೂಪದಲ್ಲಿ ಆ ಗುರುತು ಸಾಲು ಮುರಿಯದೆ ಒಳಗೇ ಉಳಿಯುತ್ತದೆ. ಜೇಸನ್ ಆರಿಸಿಕೊಳ್ಳಲು ಇದೂ ಒಂದು ಬಲವಾದ ಕಾರಣ.

ಆದರೆ ಜೇಸನ್ ಬಂದಾಗ ಕನ್ನಡಕ್ಕೊಂದು ತೊಡಕೂ ಬರುತ್ತದೆ. ಪೈಥಾನಿನ ಜೇಸನ್ ಮಾಡ್ಯೂಲ್, ಬೇರೆ ಹೇಳದಿದ್ದರೆ, ಇಂಗ್ಲಿಷ್ ಅಲ್ಲದ ಪ್ರತಿ ಅಕ್ಷರವನ್ನೂ ಸಂಕೇತವಾಗಿ ಬಿಡಿಸುತ್ತದೆ. ‘ಕನ್ನಡ’ ಎಂಬ ಪದ ಯೂನಿಕೋಡ್‌ನಲ್ಲಿ ಐದು ಘಟಕ: ಕ, ನ, ವಿರಾಮ ಚಿಹ್ನೆ, ನ, ಡ. ಯುಟಿಎಫ್-8ರಲ್ಲಿ ಅದು 15 ಬೈಟ್. ಬಿಡಿಸಿದ ಸಂಕೇತದಲ್ಲಿ ಓರೆಗೆರೆ, ಯು, ಸೊನ್ನೆ, ಸಿ, 95 ಎಂದು ಶುರುವಾಗಿ 30 ಅಕ್ಷರ ಆಗುತ್ತದೆ. ಲಾಗ್ ದುಪ್ಪಟ್ಟು ಉಬ್ಬುವುದು ಒಂದು ಕಷ್ಟ. ಅದನ್ನು ತೆರೆದವರಿಗೆ ಊರಿನ ಹೆಸರಾಗಲಿ ದೂರಿನ ಒಕ್ಕಣೆಯಾಗಲಿ ಓದಲು ಬಾರದಿರುವುದು ಇನ್ನೂ ದೊಡ್ಡ ಕಷ್ಟ. ‘ಎನ್ಶೂರ್ ಆಸ್ಕಿ’ ಎಂಬ ಗುಂಡಿಯನ್ನು ‘ಫಾಲ್ಸ್’ ಮಾಡಿದರೆ ಕನ್ನಡ ಕನ್ನಡವಾಗಿಯೇ ಉಳಿಯುತ್ತದೆ. ಹಳೆಯ ಸಿಸ್‌ಲಾಗ್ ನಿಯಮದಲ್ಲಿ ಒಂದು ಸಂದೇಶ 1,024 ಬೈಟ್‌ಗೆ ಮುಗಿಯಬೇಕು. ಮೂರರಿಂದ ಭಾಗವಾಗದ ಆ ಸಂಖ್ಯೆಯಲ್ಲಿ ಪೂರ್ತಿ ಕೂರುವುದು ಹೆಚ್ಚೆಂದರೆ 341 ಕನ್ನಡ ಘಟಕ. ಮುಂದಿನದು ಅರ್ಧಕ್ಕೆ ತುಂಡಾಗುತ್ತದೆ, ಆ ತುಂಡಿನಿಂದ ಇಡೀ ಸಾಲು ಓದಲಾರದೆ ಕೆಲವು ಸಾಧನಗಳು ಅದನ್ನು ಎಸೆದೇಬಿಡುತ್ತವೆ. ಇನ್ನು ‘ರ‍್ಯಾಂಕ್’ ಎಂಬ ಪದ. ರಕಾರದ ಪಕ್ಕದಲ್ಲಿ ಕಣ್ಣಿಗೆ ಕಾಣದ ಜೋಡಣೆಯ ಗುರುತೊಂದು ಇದ್ದರೆ ಅದು ಹೀಗೆ ಮೂಡುತ್ತದೆ, ಇಲ್ಲದಿದ್ದರೆ ‘ರ್ಯಾಂಕ್’ ಎಂದು ಅರ್ಕಾವೊತ್ತು ಬರುತ್ತದೆ. ಒಬ್ಬರು ಒಂದು ಬಗೆಯಲ್ಲಿ ಬರೆದದ್ದನ್ನು ಇನ್ನೊಬ್ಬರು ಇನ್ನೊಂದು ಬಗೆಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಕನ್ನಡದ ಪಠ್ಯ ಓಡಾಡುವ ತಂತ್ರಾಂಶದಲ್ಲಿ ಹುಡುಕುವ ಕೀಲಿಯಾಗಿ ಸಂಖ್ಯೆಯನ್ನೇ ಇಟ್ಟುಕೊಳ್ಳಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಲಾಗ್ ಎಲ್ಲಿರಬೇಕು ಎಂಬ ಪ್ರಶ್ನೆಗೆ ನಮ್ಮ ‘ಕಡತ’ ಎಂಬ ಪದ ನೆನಪಾಗುತ್ತದೆ. ಇವತ್ತು ಅದು ಸರ್ಕಾರಿ ಕಚೇರಿಯ ಫೈಲು. ಮೊದಲು ಅದು ಹುಣಿಸೆಬೀಜದ ಅಂಟು ಮತ್ತು ಇದ್ದಿಲ ಪುಡಿ ಹಚ್ಚಿ ಕಪ್ಪಾಗಿಸಿದ ಮಡಿಕೆಬಟ್ಟೆ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥ ಕಡತಗಳು ಉಳಿದುಬಂದಿವೆ. ಬೇಕಾದಾಗ ಒರೆಸಿ ಮತ್ತೆ ಬರೆಯಬಹುದಾದದ್ದು ಅದರ ಗುಣ. ಇಂದು ತಂತ್ರಾಂಶವನ್ನು ಓಡಿಸುವ ಕಂಟೇನರ್ ಎಂಬ ಪೆಟ್ಟಿಗೆಯೊಳಗಿನ ಫೈಲಿಗೂ ಹೆಚ್ಚುಕಡಿಮೆ ಅದೇ ಗುಣ: ಹಳೆಯ ಕಂಟೇನರ್ ತೆಗೆದು ಹೊಸದನ್ನು ನಿಲ್ಲಿಸಿದ ಕೂಡಲೇ ಒಳಗೆ ಬರೆದದ್ದೆಲ್ಲ ಒರೆಸಿಹೋಗುತ್ತದೆ. ತಪ್ಪಿನಿಂದಲೇ ಅದು ಸತ್ತಿದ್ದರೆ, ಸಾವಿನ ಕಾರಣವೂ ಜೊತೆಗೆ ಹೋಯಿತು. ಹೆರೊಕು ಸಂಸ್ಥೆಯ ಆಡಮ್ ವಿಗಿನ್ಸ್ 2011ರಲ್ಲಿ ಬರೆದಿಟ್ಟ ಹನ್ನೆರಡು ಸೂತ್ರಗಳಲ್ಲಿ ಇದಕ್ಕೆ ಪರಿಹಾರವಿದೆ. ತಂತ್ರಾಂಶ ಫೈಲಿನ ಗೊಡವೆಗೆ ಹೋಗದೆ ತನ್ನ ಸಾಲುಗಳನ್ನು ಸ್ಟ್ಯಾಂಡರ್ಡ್ ಔಟ್‌ಪುಟ್ಟಿಗೆ ಹರಿಯಬಿಡಬೇಕು. ಸಂಗ್ರಹಿಸಿ ಕಾಪಾಡುವುದು ಹೊರಗಿನ ವ್ಯವಸ್ಥೆಯ ಕೆಲಸ.

ಫೈಲಿಗೇ ಬರೆಯುವ ಹಟ ಹಿಡಿದವರಿಗೆ ಕಾದಿರುವ ಪೇಚು ಹಲವು. ಒಂದೇ ತಂತ್ರಾಂಶದ ನಾಲ್ಕು ಪ್ರಕ್ರಿಯೆಗಳು ಒಂದೇ ಫೈಲಿಗೆ ಬರೆಯುವುದಕ್ಕೆ ಪೈಥಾನಿನ ಲಾಗಿಂಗ್‌ನಲ್ಲಿ ಬೆಂಬಲವಿಲ್ಲ. ಗಾತ್ರ ಮೀರಿತೆಂದು ಒಂದು ಪ್ರಕ್ರಿಯೆ ಫೈಲಿನ ಹೆಸರು ಬದಲಿಸಿದರೆ ಉಳಿದ ಮೂರು ಹಳೆಯದಕ್ಕೇ ಬರೆಯುತ್ತ ಕೂರುತ್ತವೆ. ಡಿಸ್ಕ್ ತುಂಬಿತೆಂದು ಯಾರೋ ಆ ಫೈಲನ್ನು ಅಳಿಸುತ್ತಾರೆ, ಆದರೂ ಜಾಗ ಮರಳುವುದಿಲ್ಲ; ತೆರೆದಿಟ್ಟುಕೊಂಡ ಪ್ರಕ್ರಿಯೆ ಅದನ್ನು ಬಿಡುವವರೆಗೆ ಲಿನಕ್ಸ್ ಆ ಜಾಗವನ್ನು ಕೊಡುವುದಿಲ್ಲ.

ಎಷ್ಟು ದಿನ ಇಡಬೇಕು ಎಂಬುದನ್ನು ಭಾರತದಲ್ಲಿ ತಂಡದ ಇಷ್ಟಕ್ಕೆ ಬಿಟ್ಟಿಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ, ಭಾರತದ ವ್ಯಾಪ್ತಿಯೊಳಗೇ ಇಡಬೇಕು; ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು; ಯಂತ್ರಗಳ ಗಡಿಯಾರವನ್ನು ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್ ಅಥವಾ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯ ಸಮಯದೊಂದಿಗೆ ಹೊಂದಿಸಿರಬೇಕು. ಲೆಕ್ಕ ಹಾಕಿದರೆ ಇದರ ಭಾರ ತಿಳಿಯುತ್ತದೆ. ಸೆಕೆಂಡಿಗೆ 200 ಕೋರಿಕೆ, ಪ್ರತಿಯೊಂದಕ್ಕೂ 5 ಸಾಲು, ಸಾಲಿಗೆ 300 ಬೈಟ್ ಎಂದರೆ ದಿನಕ್ಕೆ ಸುಮಾರು 26 ಜಿಬಿ, 180 ದಿನಕ್ಕೆ 4.7 ಟಿಬಿ. ಅದರಲ್ಲಿ ಉಪಯೋಗವಿಲ್ಲದ ಸಾಲು ಎಷ್ಟೋ. ಸರ್ವರ್ ಬದುಕಿದೆಯೇ ಎಂದು ಹತ್ತು ಸೆಕೆಂಡಿಗೊಮ್ಮೆ ಕೇಳುವ ತಪಾಸಣೆಯೊಂದೇ ದಿನಕ್ಕೆ 8,640 ಸಲ ‘ಬದುಕಿದೆ’ ಎಂದು ಬರೆಸುತ್ತದೆ. ಅಂಥವನ್ನು ಫಿಲ್ಟರಿನಲ್ಲೇ ತಡೆದು, ಪಾವತಿ ಮತ್ತು ಲಾಗಿನ್‌ನ ಸಾಲುಗಳನ್ನು ಒಂದೂ ಬಿಡದೆ ಉಳಿಸಿಕೊಳ್ಳುವುದು ಜಾಣ ಹಂಚಿಕೆ.

ಇವೆಲ್ಲ ಸೆಟ್ಟಿಂಗ್ಸ್‌ನಲ್ಲಿ ಬರೆದ ಮಾತ್ರಕ್ಕೆ ನಡೆಯುತ್ತಿವೆ ಎಂದು ನಂಬದ ತಂಡಗಳು ಬಿಡುಗಡೆಗೆ ಮುನ್ನ ಒಂದು ಪುಟವನ್ನು ಬೇಕೆಂದೇ ಒಡೆಯುತ್ತವೆ. ಪರೀಕ್ಷೆಯ ಸರ್ವರಿನಲ್ಲಿ ‘ಡಿಬಗ್’ ಅನ್ನು ‘ಫಾಲ್ಸ್’ ಮಾಡಿ, ಪ್ರೊಡಕ್ಷನ್ನಿನದೇ ಸೆಟ್ಟಿಂಗ್ಸ್ ಹಾಕಿ, ಊರಿನ ಜಾಗದಲ್ಲಿ ‘ಹೊನ್ನಾವರ’ ಎಂದು ಕನ್ನಡದಲ್ಲಿ ತುಂಬಿ, ಒಂದು ಸುಳ್ಳು ಫೋನ್ ನಂಬರ್ ಕೊಟ್ಟು ತಪ್ಪು ಮಾಡಿಸುತ್ತಾರೆ. ಆ ಪುಟ ಬರೆಯದ ಒಬ್ಬರನ್ನು ಕೂರಿಸಿ, ತಪ್ಪಿನ ಪುಟದಲ್ಲಿ ಕಂಡ ಕೋರಿಕೆ ಸಂಖ್ಯೆಯೊಂದನ್ನೇ ಅವರ ಕೈಗೆ ಕೊಡುತ್ತಾರೆ. ಐದು ನಿಮಿಷದಲ್ಲಿ ಅವರು ಟ್ರೇಸ್‌ಬ್ಯಾಕ್ ತೆರೆದು ಇಂಥ ಸಾಲಿನಲ್ಲಿ ತಪ್ಪಿದೆ ಎಂದು ತೋರಿಸಬೇಕು, ‘ಹೊನ್ನಾವರ’ ಹಾಗೇ ಓದಲು ಬರಬೇಕು. ಫೋನ್ ನಂಬರಿನ ಹತ್ತು ಅಂಕಿಗಳೂ ಅಲ್ಲಿ ಕಂಡರೆ ಆ ದಿನದ ಬಿಡುಗಡೆ ನಿಲ್ಲುತ್ತದೆ, ಫಿಲ್ಟರ್ ತಿದ್ದಿ ಮರುದಿನ ಮತ್ತೆ ಪುಟ ಒಡೆಯುತ್ತಾರೆ.